ಕೆಂಬಳೆ ಹುಳು: ಕಡಲತಳದ ಜೀವಿಯೊಂದನ್ನು ನಾನು ಕಟ್ಟಿದ ಬಗೆ

ಜೀವಿಗಳು ಮುಂದೆ ಹೇಗೆ ಬದಲಾಗಬಹುದೆಂದು ಊಹಿಸುವ ಕಲ್ಪಿತ ವಿಕಾಸದ ಲೋಕ ಕಟ್ಟುವಾಗ ನಾನು ಪ್ರಾಣಿಯ ಚಿತ್ರ ಬರೆಯುವುದು ಕೊನೆಗೆ. ಅದು ಏನು ತಿನ್ನುತ್ತದೆ, ಎಲ್ಲಿಂದ ಉಸಿರು ಪಡೆಯುತ್ತದೆ ಎಂಬ ಲೆಕ್ಕ ಮೊದಲು ಮುಗಿಯಬೇಕು. ಕೆಂಬಳೆ ಹುಳು ಹುಟ್ಟಿದ್ದು ಹಾಗೆಯೇ. ಅದರ ಬಣ್ಣವನ್ನು ಕೂಡ ನಾನು ಆರಿಸಲಿಲ್ಲ, ಕೆಸರಿನ ರಸಾಯನವೇ ಕೊಟ್ಟಿತು.

ಜಾಗ ಅರಬ್ಬೀ ಸಮುದ್ರ, ನಮ್ಮ ಪಶ್ಚಿಮ ಕರಾವಳಿಯ ಆಚೆ ಕಡಲತಳ ಆಳಕ್ಕೆ ಜಾರುವ ಇಳಿಜಾರು. ಕಾಲ ಇಂದಿನಿಂದ 1 ಕೋಟಿ ವರ್ಷದ ನಂತರ. ಭಾರತ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಉತ್ತರಕ್ಕೆ ಸರಿಯುತ್ತ ಹೋದರೆ ಅಷ್ಟರಲ್ಲಿ 500 ಕಿಲೋಮೀಟರ್ ಸರಿದಿರುತ್ತದೆ. ಕಡಲೂ ಮುಂಗಾರೂ ಉಳಿದಿರುತ್ತವೆ ಎಂದು ಹಿಡಿದೆ. ಈ ಸಮುದ್ರದಲ್ಲಿ ಸುಮಾರು 200 ಮೀಟರಿನಿಂದ 1,000 ಮೀಟರಿನವರೆಗೆ ಆಮ್ಲಜನಕ ಬಹುತೇಕ ಇಲ್ಲದ ನೀರಿನ ದಪ್ಪ ಪದರವಿದೆ. ಮೇಲೆ ಸಮೃದ್ಧವಾಗಿ ಬೆಳೆದ ಪ್ಲವಕಗಳು, ಅಂದರೆ ನೀರಲ್ಲಿ ತೇಲುವ ಸಣ್ಣ ಜೀವಿಗಳು, ಸತ್ತು ಇಳಿಯುತ್ತ ಕೊಳೆತು ಆಮ್ಲಜನಕವನ್ನು ಕಬಳಿಸುವುದು ಇದಕ್ಕೆ ಮುಖ್ಯ ಕಾರಣ. ನನ್ನ ಹುಳುವನ್ನು ಆ ಪದರದ ಕೆಳಗಿನ ಅಂಚಿನಲ್ಲಿಟ್ಟೆ. ಅಲ್ಲಿ ಕೆಸರಲ್ಲಿ ಆಹಾರ ಉಂಟು, ನೀರಲ್ಲಿ ಆಮ್ಲಜನಕ ಆಗಷ್ಟೇ ಮರಳುತ್ತಿರುತ್ತದೆ. ಇಂಥ ಗಡಿ ಸಿಕ್ಕರೆ ನಾನು ಬಿಡುವವನಲ್ಲ.

ಇಂಥ ಕೆಸರಿನ ಗುಣ ತಿಳಿಯಲು ಸಾವಿರ ಮೀಟರ್ ಇಳಿಯಬೇಕಾಗಿಲ್ಲ. ಕಾಳಿ ನದಿಯ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಬೆರಳು ಊರಿದರೆ ಸಾಕು: ಮೇಲೆ ತೆಳ್ಳಗೆ ಕಂದು, ಕೆಳಗೆ ಕಪ್ಪು, ಮೂಗಿಗೆ ಕೊಳೆತ ಮೊಟ್ಟೆಯ ವಾಸನೆ. ಆ ವಾಸನೆ ಹೈಡ್ರೋಜನ್ ಸಲ್ಫೈಡಿನದು. ಅದರಲ್ಲಿ ಶಕ್ತಿಯಿದೆ, ಆದರೆ ಅದನ್ನು ಉರಿಸಲು ಬೇಕಾದ ಆಮ್ಲಜನಕ ಇರುವುದು ಮೇಲೆ. ಇವೆರಡನ್ನು ಜೋಡಿಸುವವರು ಯಾರು?

ಉತ್ತರ ನಿಜಲೋಕದಲ್ಲೇ ಇತ್ತು. ಡೆನ್ಮಾರ್ಕಿನ ಆರ್ಹಸ್ ವಿಶ್ವವಿದ್ಯಾಲಯದ ಸಂಶೋಧಕರು ಮತ್ತು ಅವರ ಸಂಗಡಿಗರು 2012ರಲ್ಲಿ ಕೇಬಲ್ ಬ್ಯಾಕ್ಟೀರಿಯಾಗಳನ್ನು ಜಗತ್ತಿಗೆ ತೋರಿಸಿದರು. ಸಾವಿರಾರು ಕೋಶಗಳು ಸಾಲಾಗಿ ಕೂಡಿ ಒಂದೇ ಎಳೆಯಾಗುತ್ತವೆ. ಕೆಳಗಿನ ಕೋಶಗಳು ಸಲ್ಫೈಡಿನಿಂದ ಎಲೆಕ್ಟ್ರಾನು ಕಿತ್ತು ಎಳೆಯುದ್ದಕ್ಕೂ ಮೇಲಕ್ಕೆ ಸಾಗಿಸುತ್ತವೆ, ತುದಿಯ ಕೋಶಗಳು ಅದನ್ನು ಆಮ್ಲಜನಕಕ್ಕೆ ಒಪ್ಪಿಸುತ್ತವೆ. ಬರಿಗಣ್ಣಿಗೆ ಕಾಣದ ಜೀವಿ ಸೆಂಟಿಮೀಟರುಗಟ್ಟಲೆ ದೂರಕ್ಕೆ ವಿದ್ಯುತ್ತು ಒಯ್ಯುತ್ತದೆ! ಆದರೆ ಎಳೆ ಬಹಳ ಸೂಕ್ಷ್ಮ. ಕೆಸರಿನೊಳಗೆ ಸಣ್ಣ ತಂತಿ ಎಳೆದು ಕತ್ತರಿಸಿದರೂ ಪ್ರವಾಹ ನಿಂತುಹೋಗುತ್ತದೆ. ಕೆಸರು ಕೆದಕುವ ಪ್ರಾಣಿಗಳ ನಡುವೆ ಅದಕ್ಕೊಂದು ರಕ್ಷಣೆ ಬೇಕು. ನನ್ನ ಹುಳುವಿಗೆ ಅಲ್ಲಿ ಕೆಲಸ ಸಿಕ್ಕಿತು.

ಪೂರ್ವಜನಾಗಿ ಬಿದಿರುಹುಳುಗಳನ್ನು ಆರಿಸಿದೆ. ಮೈಯ ಉದ್ದನೆಯ ಗೆಣ್ಣುಗಳಿಂದ ಆ ಹೆಸರು. ಇವು ಕೆಸರಲ್ಲಿ ಕೊಳವೆ ಕಟ್ಟಿಕೊಂಡು ತಲೆಕೆಳಗಾಗಿ ಬದುಕುತ್ತವೆ: ಬಾಯಿ ತಳದಲ್ಲಿ, ಬಾಲ ಮೇಲೆ. ಹಲವು ಜಾತಿಗಳಲ್ಲಿ ಬಾಲದ ತುದಿ ಆಲಿಕೆಯ ಆಕಾರದ್ದು, ಅಂಚಿಗೆ ಸಣ್ಣ ಕುಚ್ಚುಗಳು. ನನ್ನ ಲೋಕದಲ್ಲಿ ಆ ಕುಚ್ಚುಗಳು ಉದ್ದವಾಗಿ ಕಿವಿರುಗಳಾದವು. ಕೊಳವೆಯ ಗೋಡೆಯಲ್ಲಿ ಕೇಬಲ್ ಬ್ಯಾಕ್ಟೀರಿಯಾ ಮನೆ ಮಾಡಿದವು. ಇದು ಪೂರಾ ಕಲ್ಪನೆಯಲ್ಲ. ಇಂದಿನ ಹುಳುಗಳ ಕೊಳವೆಗಳ ಗೋಡೆಯಲ್ಲೂ ಅವು ಸಿಕ್ಕಿವೆ. ಹುಳು ತಳದಲ್ಲಿ ಬೆಳೆದ ಎಳೆಗಳನ್ನು ಮೇಯುತ್ತದೆ, ಮೇಲಿನ ತುದಿಯನ್ನು ಮುಟ್ಟುವುದಿಲ್ಲ. ಎಳೆಗಳು ಸುತ್ತಲಿನ ಸಲ್ಫೈಡನ್ನು ಹೀರಿ ಹುಳುವಿಗೆ ವಿಷ ತಟ್ಟದಂತೆ ನೋಡಿಕೊಳ್ಳುತ್ತವೆ.

ಇಲ್ಲೊಂದು ಗಂಟು ಎದುರಾಯಿತು, ಇಡೀ ಕೆಲಸದಲ್ಲಿ ನನಗೆ ಅತ್ಯಂತ ಇಷ್ಟವಾದ ಗಂಟು. ಕೊಳವೆವಾಸಿ ಹುಳುಗಳು ಸಾಮಾನ್ಯವಾಗಿ ಮೈ ಕುಲುಕಿಸಿ ಹೊಸ ನೀರನ್ನು ಒಳಗೆಳೆದುಕೊಳ್ಳುತ್ತವೆ. ಕೆಂಬಳೆ ಹಾಗೆ ಮಾಡಿದರೆ ಆಮ್ಲಜನಕ ತಳದವರೆಗೂ ಇಳಿಯುತ್ತದೆ. ಆಮೇಲೆ ಬ್ಯಾಕ್ಟೀರಿಯಾ ಎಳೆಯೆಂಬ ತಂತಿಗೆ ಬೆಲೆಯೆಲ್ಲಿ? ಎಳೆ ಕಟ್ಟದ ಬಿಡಿ ಬ್ಯಾಕ್ಟೀರಿಯಾಗಳೇ ಅಲ್ಲಿ ಗೆದ್ದುಬಿಡುತ್ತವೆ. ಆದ್ದರಿಂದ ಈ ಹುಳು ನೀರನ್ನು ಪಂಪು ಮಾಡಕೂಡದು. ಪಂಪು ಇಲ್ಲವೆಂದರೆ ಉಸಿರೆಲ್ಲ ಬಾಲದ ಕಿವಿರಿನಿಂದಲೇ ಬರಬೇಕು, ರಕ್ತ ಅದನ್ನು ತಲೆಯವರೆಗೆ ಹೊರಬೇಕು. ಹಾಗಾಗಿ ಮೈ ಸಣ್ಣ, ರಕ್ತ ಹಿಮೋಗ್ಲೋಬಿನ್ ತುಂಬಿದ ಗಾಢ ಕೆಂಪು, ಚಲನೆ ತೀರಾ ನಿಧಾನ. ಉದ್ದವನ್ನು ಒಂದು ಗೇಣಿಗಿಂತ ಕಡಿಮೆಯಲ್ಲೇ ನಿಲ್ಲಿಸಿದೆ. ಅದಕ್ಕೂ ಮೀರಿದ ತಂತಿಯನ್ನು ನಂಬಲು ನನಗೆ ಮನಸ್ಸು ಬರಲಿಲ್ಲ.

ಇನ್ನು ಬಳೆ. ಕೇಬಲ್ ಬ್ಯಾಕ್ಟೀರಿಯಾ ಇರುವ ಕೆಸರಿನ ಆಳ ಆಮ್ಲೀಯವಾಗುತ್ತದೆ, ಅಲ್ಲಿ ಸುಣ್ಣವೂ ಕಬ್ಬಿಣದ ಸಲ್ಫೈಡೂ ಕರಗುತ್ತವೆ. ಮೇಲ್ಪದರ ಕ್ಷಾರೀಯವಾಗುತ್ತದೆ. ಕೆಳಗೆ ಕರಗಿದ್ದು ಮೇಲೇರಿ ಸುಣ್ಣವಾಗಿ, ಕಬ್ಬಿಣದ ತುಕ್ಕಾಗಿ ಕೂರುತ್ತದೆ. ಅಂದರೆ ಕೊಳವೆಯ ಬುಡವನ್ನು ಸುಣ್ಣದಿಂದ ಕಟ್ಟುವಂತಿಲ್ಲ, ಅಲ್ಲಿ ಲೋಳೆ ಮತ್ತು ಏಡಿಯ ಚಿಪ್ಪಿನಲ್ಲೂ ಇರುವ ಕೈಟಿನ್ ಮಾತ್ರ. ಬಾಯಂಚಿನಲ್ಲಿ ಮಾತ್ರ ತುಕ್ಕುಗೆಂಪಿನ ಸುಣ್ಣದ ಉಂಗುರ ತಾನಾಗಿ ಬೆಳೆಯುತ್ತದೆ. ಸೂರ್ಯನ ಬೆಳಕೇ ಇಳಿಯದ ಆಳದಲ್ಲಿ ಆ ಕೆಂಪನ್ನು ನೋಡುವವರಿಲ್ಲ. ಮಿನುಗುವ ದೀಪಗಳನ್ನು ನಾನು ಇದಕ್ಕೆ ಅಂಟಿಸಲಿಲ್ಲ. ಆಳಕಡಲಿನ ಪ್ರತಿ ಜೀವಿಗೂ ಬೆಳಕು ಕೊಡುವ ರೂಢಿ ನನಗೆ ಹಿಡಿಸುವುದಿಲ್ಲ. ಕಾರಣವಿದ್ದ ಬಣ್ಣ ಅದಕ್ಕಿಂತ ಚೆಂದ.

ಸಂತಾನದ ಕಾಲವನ್ನು ಮುಂಗಾರಿಗೆ ಕಟ್ಟಿದೆ. ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ ಮತ್ತು ಹ್ಯಾಂಬರ್ಗ್ ವಿಶ್ವವಿದ್ಯಾಲಯ ಸೇರಿ 1986ರಿಂದ ಅರಬ್ಬೀ ಸಮುದ್ರದಲ್ಲಿ ಇಳಿಬಿಟ್ಟ ಸಂಗ್ರಾಹಕಗಳಲ್ಲಿ, ಮಳೆಮಾರುತಗಳ ಕಾಲಕ್ಕೆ ಆಳಕ್ಕೆ ಉದುರುವ ಸಾವಯವ ಕಣಗಳು ಹೆಚ್ಚಿರುವುದು ದಾಖಲಾಗಿದೆ. ಆ ಉದುರು ಬಂದಾಗ ಕೆಂಬಳೆ ಮೊಟ್ಟೆ ಬಿಡುತ್ತದೆ. ಮರಿಗಳಿಗೆ ಹುಟ್ಟುತ್ತ ತಂತಿ ಇರುವುದಿಲ್ಲ. ಹಿರಿಯರ ಕೊಳವೆಗೆ ಒತ್ತಿಕೊಂಡು ನೆಲೆಸಿದರೆ ಮಾತ್ರ ಎಳೆಗಳು ಅವುಗಳ ಗೋಡೆಗೂ ಹಬ್ಬುತ್ತವೆ. ಹಾಗಾಗಿ ಒಂಟಿ ಕೆಂಬಳೆ ಅಪರೂಪ. ಸತ್ತವರ ಬಳೆಗಳು ಒಂದಕ್ಕೊಂದು ಬೆಸೆದು ಸುಣ್ಣದ ತಗ್ಗು ದಿಬ್ಬಗಳಾಗುತ್ತವೆ.

ಈಗ ಬರೆಯುತ್ತಿರುವುದು ಇದರ ಶತ್ರುವನ್ನು. ಕಿವಿರು ಕಚ್ಚುವ ಏಡಿ ಸುಲಭದ ಆಯ್ಕೆ. ನನಗೆ ಬೇಕಾದದ್ದು ಪಕ್ಕದಿಂದ ಕೆಸರು ಕೊರೆದು ಬಂದು ಕೊಳವೆಯನ್ನು ನಡುವೆ ಸೀಳುವ ಜೀವಿ. ಪ್ರವಾಹ ನಿಂತರೆ ಬುಡದಲ್ಲಿ ಸಲ್ಫೈಡ್ ಏರುತ್ತದೆ, ಹುಳು ವಿಷದಿಂದ ತಪ್ಪಿಸಿಕೊಳ್ಳಲು ಮೇಲಕ್ಕೆ ಸರಿಯಲೇಬೇಕು. ಬೇಟೆಗಾರ ಅಲ್ಲಿ ಕಾದಿರುತ್ತದೆ. ಆ ವಿಷವನ್ನು ತಾನು ಹೇಗೆ ತಾಳಿಕೊಳ್ಳುತ್ತದೆ ಎಂಬುದು ಬಗೆಹರಿಯುವವರೆಗೆ ಅದರ ಚಿತ್ರ ಬರೆಯುವುದಿಲ್ಲ.