ಮಡಿಕೇರಿಯಿಂದ ಸ್ಯಾನ್ ಫ್ರಾನ್ಸಿಸ್ಕೊವರೆಗೆ: ವಿಮಾನದ ದೂರವನ್ನೂ ಪ್ರಯಾಣದ ಅವಧಿಯನ್ನೂ ಲೆಕ್ಕ ಹಾಕುವ ಬಗೆ

ಕೊಡಗಿನಲ್ಲಿ ವಿಮಾನ ನಿಲ್ದಾಣವೂ ಇಲ್ಲ, ರೈಲು ಮಾರ್ಗವೂ ಇಲ್ಲ. ಆದ್ದರಿಂದ ಅಮೆರಿಕದಲ್ಲಿರುವ ಮಕ್ಕಳ ಬಳಿಗೆ ಹೊರಡುವ ಇಲ್ಲಿನ ಹಿರಿಯರು ಟಿಕೆಟ್‌ನಲ್ಲಿ ಮುದ್ರಿತವಾದ ಅವಧಿಯೊಂದನ್ನೇ ನೆಚ್ಚಿಕೊಳ್ಳದೆ, ಮನೆಯಿಂದ ಹೊರಟು ಆ ಊರು ತಲುಪುವವರೆಗಿನ ಒಟ್ಟು ಕಾಲವನ್ನು ಮೊದಲೇ ಲೆಕ್ಕ ಹಾಕಿಕೊಳ್ಳಬೇಕು. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ನೇರವಾಗಿ ಹಾರುವುದನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ದೂರವನ್ನು ಗೋಡೆಯ ನಕ್ಷೆಯ ಮೇಲೆ ಅಡಿಪಟ್ಟಿ ಇಟ್ಟು ಅಳೆಯಬಾರದು. ಗುಂಡಾದ ಭೂಮಿಯನ್ನು ಚಪ್ಪಟೆಯಾಗಿ ಬಿಡಿಸಿದಾಗ ಉತ್ತರದ ಪ್ರದೇಶಗಳು ಹಿಗ್ಗಿಹೋಗುತ್ತವೆ. ಮಕ್ಕಳ ಓದಿನ ಮೇಜಿನ ಗ್ಲೋಬ್ ತೆಗೆದುಕೊಂಡು ಎರಡೂ ಊರುಗಳ ನಡುವೆ ದಾರವನ್ನು ಬಿಗಿಯಾಗಿ ಹಿಡಿಯಿರಿ. ಅದು ಪೆಸಿಫಿಕ್ ಸಾಗರವನ್ನು ಅಡ್ಡಲಾಗಿ ದಾಟದೆ, ಚೀನಾ ಮತ್ತು ಸೈಬೀರಿಯಾಗಳ ಮೇಲೆ ಏರಿ ಆರ್ಕ್ಟಿಕ್ ವೃತ್ತದೊಳಗೆ ಹಾದುಹೋಗುವುದನ್ನು ಕಾಣುವುದೇ ಒಂದು ಸಂತೋಷ. ಅದೇ ದಾರವನ್ನು ಸಮಭಾಜಕ ವೃತ್ತದ ಮೇಲೆ ಇಟ್ಟರೆ ಸುಮಾರು 126 ಡಿಗ್ರಿ ಬರುತ್ತದೆ. ಒಂದು ಡಿಗ್ರಿಗೆ 111 ಕಿ.ಮೀ.ಯಂತೆ ಗುಣಿಸಿದರೆ ದೂರ ಸುಮಾರು 14,000 ಕಿ.ಮೀ.

ದೊಡ್ಡ ಜೆಟ್ ವಿಮಾನಗಳ ವೇಗ ಗಂಟೆಗೆ ಸುಮಾರು 900 ಕಿ.ಮೀ. ಭಾಗಿಸಿದಾಗ ಬರುವ ಹದಿನೈದೂವರೆ ಗಂಟೆಗೆ ಏರುವ, ಇಳಿಯುವ, ರನ್‌ವೇಯತ್ತ ಸಾಗುವ ಸಮಯವೆಂದು ಮುಕ್ಕಾಲರಿಂದ ಒಂದು ಗಂಟೆ ಸೇರಿಸಿ. ಇದು ಅಂದಾಜು ಮಾತ್ರ. ನಮ್ಮ ಉತ್ತರಾರ್ಧಗೋಳದ ಮಧ್ಯ ಅಕ್ಷಾಂಶಗಳಲ್ಲಿ ಎತ್ತರದ ಜೆಟ್ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವುದರಿಂದ ಹೋಗುವ ಮತ್ತು ಬರುವ ಅವಧಿಗಳು ಸಮನಾಗಿರುವುದಿಲ್ಲ. ಯಾವುದಾದರೂ ದೇಶ ತನ್ನ ವಾಯುಪ್ರದೇಶವನ್ನು ಮುಚ್ಚಿದರೆ ಸುತ್ತುದಾರಿಯೂ ಅನಿವಾರ್ಯ. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಬಂದ ಏರ್ ಇಂಡಿಯಾದ ಮೊದಲ ನೇರ ವಿಮಾನ, ಮಹಿಳಾ ಪೈಲಟ್‌ಗಳೇ ನಡೆಸಿದ್ದು, ಉತ್ತರ ಧ್ರುವದ ಮೇಲಿನಿಂದ ಹಾರಿ ಸುಮಾರು 16,000 ಕಿ.ಮೀ. ಕ್ರಮಿಸಿತು.

ಹೆಚ್ಚಿನವರು ಎಡವುವುದು ಗಡಿಯಾರದ ಲೆಕ್ಕದಲ್ಲಿ. ಟಿಕೆಟ್‌ನಲ್ಲಿ ಹೊರಡುವ ಹೊತ್ತು ಹೊರಡುವ ಊರಿನದು, ತಲುಪುವ ಹೊತ್ತು ತಲುಪುವ ಊರಿನದು. ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಮಗಿಂತ 13 ಗಂಟೆ 30 ನಿಮಿಷ ಹಿಂದಿರುತ್ತದೆ; ಮಾರ್ಚ್‌ನ ಎರಡನೆಯ ಭಾನುವಾರದಿಂದ ನವೆಂಬರ್‌ನ ಮೊದಲ ಭಾನುವಾರದವರೆಗೆ 12 ಗಂಟೆ 30 ನಿಮಿಷ. ಜನವರಿಯಲ್ಲಿ ಮಧ್ಯಾಹ್ನ 2ಕ್ಕೆ ಹೊರಟ ವಿಮಾನ ಅದೇ ದಿನ ಸಂಜೆ 5ಕ್ಕೆ ಇಳಿಯುತ್ತದೆಂದು ಟಿಕೆಟ್‌ನಲ್ಲಿದ್ದರೆ, ಆಗ ನಮ್ಮಲ್ಲಿ ಮರುದಿನ ಬೆಳಿಗ್ಗೆ ಆರೂವರೆ. ಹಾರಾಟದ ಅವಧಿ ಹದಿನಾರೂವರೆ ಗಂಟೆ.

ಇನ್ನು ರಸ್ತೆ. ದೇವನಹಳ್ಳಿಯ ಬಳಿಯ ನಿಲ್ದಾಣ ಬೆಂಗಳೂರಿನ ಆಚೆ ತುದಿಗಿರುವುದರಿಂದ, ಮಡಿಕೇರಿಯಿಂದ ಕುಶಾಲನಗರದ ಮೂಲಕ ಹೊರಡುವವರು ನಗರದ ದಟ್ಟಣೆಯನ್ನೂ ಸೇರಿಸಿ ಏಳು ಗಂಟೆಯನ್ನು, ಅದರ ಮೇಲೆ ಚೆಕ್-ಇನ್ ಮತ್ತು ವಲಸೆ ತಪಾಸಣೆಗೆ ಮೂರು ಗಂಟೆಯನ್ನು ಇಟ್ಟುಕೊಳ್ಳಬೇಕು. ಅಂದರೆ 2 ಗಂಟೆಯ ವಿಮಾನಕ್ಕೆ ಮಡಿಕೇರಿಯನ್ನು ಬೆಳಗಿನ ಜಾವ 4ಕ್ಕೇ ಬಿಡಬೇಕಾಗುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗಿನ ಮಳೆಯಲ್ಲಿ ಹಿಂದಿನ ದಿನವೇ ಹೊರಟು ಬೆಂಗಳೂರಿನಲ್ಲಿ ತಂಗುವುದು ಒಳ್ಳೆಯದೆಂದು ನನ್ನ ದೃಢ ಅಭಿಪ್ರಾಯ, ಅದರಲ್ಲೂ ವಯಸ್ಸಾದವರಿಗೆ.