ಒಳನಾಡಿನ ಊರುಗಳ ಬಗ್ಗೆ ಪ್ರವಾಸ ಲೇಖನ: ನಾನು ಬರೆಯುವ ಬಗೆ

ಪ್ರವಾಸ ಲೇಖನಕ್ಕೆ ಕೈಹಾಕುವ ಹೊಸಬರು ಸಾಮಾನ್ಯವಾಗಿ ಮೊದಲು ಹಿಡಿಯುವುದು ಹಂಪಿಯನ್ನೇ. ಅಲ್ಲಿ ಹೊಸದೇನಾದರೂ ಹೇಳಬೇಕಾದರೆ ವರ್ಷಗಟ್ಟಲೆ ಓದಿರಬೇಕು. ನಾನು ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯ ಒಳಊರುಗಳನ್ನು ಆರಿಸಿಕೊಳ್ಳುತ್ತೇನೆ, ಅದೂ ಲೇಖನಕ್ಕೆ ಒಂದೇ ಜಾಗ. ಇಟಗಿ, ಕುಕನೂರು, ಕಿನ್ನಾಳ ಮೂರನ್ನೂ ಎಂಟುನೂರು ಪದಗಳಲ್ಲಿ ತುರುಕಿದರೆ ಮೂರೂ ಕೆಡುತ್ತವೆ. ಓದಿ ಹೊರಟವರು ದಾರಿ ತಪ್ಪದೆ ಮುಟ್ಟಬೇಕು, ಮುಟ್ಟಿದ ಮೇಲೆ ನಾವು ಬರೆದದ್ದು ಅಲ್ಲಿರಬೇಕು. ನನ್ನ ಕ್ರಮವೆಲ್ಲ ಇದಕ್ಕಾಗಿಯೇ.

ಹೊರಡುವ ಮುಂಚೆ ಓದು. ಈ ಭಾಗದ ಹಳೆಯ ದಾಖಲೆ ಹುಡುಕಲು ಗಡಿಗಳ ಲೆಕ್ಕ ಗೊತ್ತಿರಬೇಕು. ಕೊಪ್ಪಳ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಹಿಂದಿನ ಗ್ಯಾಸೆಟಿಯರಿನಲ್ಲಿ (ಸರ್ಕಾರ ಹೊರತರುವ ಜಿಲ್ಲಾ ವಿವರಗಳ ಪುಸ್ತಕ) ಇಟಗಿ, ಆನೆಗೊಂದಿ ರಾಯಚೂರಿನ ಕೆಳಗೆ ಸಿಗುತ್ತವೆ. 1948ಕ್ಕಿಂತ ಹಿಂದಿನ ಬರಹ ಬೇಕಾದರೆ ಹೈದರಾಬಾದ್ ಸಂಸ್ಥಾನದ ಪುರಾತತ್ವ ವರದಿಗಳನ್ನು ತಿರುವಬೇಕು. ಬಳ್ಳಾರಿ 1953ರವರೆಗೆ ಮದ್ರಾಸಿನ ಕಡೆ ಇತ್ತು, ಅದರ ದಾಖಲೆ ಆ ದಿಕ್ಕಿನಲ್ಲಿವೆ. ಹಂಪಿ 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ಇನ್ನೂ ‘ಬಳ್ಳಾರಿ ಜಿಲ್ಲೆಯ ಹಂಪಿ’ ಎಂದು ಬರೆದರೆ ಹಳೆಯ ಲೇಖನ ನೋಡಿ ಇಳಿಸಿದ್ದು ಎಂದು ಸಂಪಾದಕರಿಗೆ ಮೊದಲ ಸಾಲಿನಲ್ಲೇ ಗೊತ್ತಾಗುತ್ತದೆ.

ಇಸವಿಯಲ್ಲಿ ಎಡವುವವರು ಬಹಳ. ಶಾಸನದ ಶಕವರ್ಷವನ್ನು ಈಗಿನ ಇಸವಿಗೆ ತರಲು 78 ಕೂಡಿಸಬೇಕು. ತಿಥಿ ಜನವರಿ ಮತ್ತು ಯುಗಾದಿಯ ನಡುವೆ ಬಿದ್ದರೆ 79. ಕಲ್ಯಾಣದ ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ಶಾಸನಗಳಲ್ಲಿ ಅವನೇ ಶುರುಮಾಡಿದ ಚಾಲುಕ್ಯ ವಿಕ್ರಮ ವರ್ಷ ಬರುತ್ತದೆ. ಅದು 1076ರಿಂದ ಶುರು, ಹಾಗಾಗಿ 1075 ಕೂಡಿಸಬೇಕು. ಇಟಗಿಯ ಮಹಾದೇವ ದೇವಾಲಯವನ್ನು ಅವನ ದಂಡನಾಯಕ ಮಹಾದೇವ ಕಟ್ಟಿಸಿದ್ದು, ಶಾಸನದ ಕಾಲ 1112. ‘ದೇವಾಲಯ ಚಕ್ರವರ್ತಿ’ ಎಂಬ ಮಾತು ಆ ಶಾಸನದ್ದೇ. ‘ಎಂದು ಹೇಳಲಾಗುತ್ತದೆ’ ಎಂದು ತೇಲಿಸಬೇಡಿ. ಯಾರು ಹೇಳಿದರೋ ಅವರ ಹೆಸರಿನಲ್ಲೇ ಬರೆಯಿರಿ.

ಜಾಗಕ್ಕೆ ಹೋದಾಗ ಜೇಬಿಗೆ ಹಿಡಿಯುವ ನೋಟ್‌ಬುಕ್ಕು, ಪೆನ್ಸಿಲ್ಲು, ಮೂರು ಮೀಟರ್ ಟೇಪು ನನ್ನ ಬಳಿ ಇರುತ್ತವೆ. ನೋಟ್‌ಬುಕ್ಕಿನ ಎಡಪುಟ ಕಂಡದ್ದಕ್ಕೆ, ಬಲಪುಟ ಕೇಳಿದ್ದಕ್ಕೆ. ಗಂಗಾವತಿ ಹತ್ತಿರದ ಹಿರೇಬೆಣಕಲ್ ಗುಡ್ಡವನ್ನೇ ತಗೊಳ್ಳಿ. ಮೂರು ಕಡೆ ನಿಲ್ಲಿಸಿದ ಕಲ್ಲಿನ ಚಪ್ಪಡಿ, ಮೇಲೊಂದು ಮುಚ್ಚುಗಲ್ಲು, ಕೆಲವಕ್ಕೆ ದುಂಡನೆಯ ಕಿಂಡಿ: ಇದು ಎಡಪುಟ. ಕಿಂಡಿ ಯಾವ ದಿಕ್ಕಿಗಿದೆ, ಅಡ್ಡಳತೆ ಎಷ್ಟು, ಚಪ್ಪಡಿಯ ದಪ್ಪ ಎಷ್ಟು ಎಂದು ನಿಂತಲ್ಲೇ ಬರೆದುಕೊಳ್ಳಬೇಕು. ಮನೆಗೆ ಬಂದು ನೆನಪಿನಿಂದ ಬರೆದ ಅಳತೆ ಯಾವಾಗಲೂ ದೊಡ್ಡದಾಗುತ್ತದೆ. ಊರವರು ಇವನ್ನು ಮೋರೇರ ಮನೆ ಎನ್ನುತ್ತಾರೆ, ಕುಳ್ಳ ಜನ ಇಲ್ಲಿ ವಾಸವಿದ್ದರು ಎನ್ನುತ್ತಾರೆ: ಇದು ಬಲಪುಟ. ಬೃಹತ್ ಶಿಲಾಯುಗದವರು ಸತ್ತವರಿಗಾಗಿ ಎಬ್ಬಿಸಿದ ಕಟ್ಟಡಗಳಿವು ಎನ್ನುವುದು ಪುರಾತತ್ವದವರ ಮಾತು. ಎರಡೂ ಲೇಖನದಲ್ಲಿರಲಿ, ಒಂದರೊಳಗೊಂದು ಕಲೆಸಬಾರದು. ಕಲೆಸಿದರೆ ಕುಳ್ಳರು ಇತಿಹಾಸವಾಗುತ್ತಾರೆ, ಊರವರ ಕಥೆ ಸುಳ್ಳಿನ ಹಾಗೆ ಕಾಣುತ್ತದೆ. ಗುಡ್ಡದ ಮೇಲಿನ ನಗಾರಿ ಕಲ್ಲನ್ನು (ಬಡಿದರೆ ನಗಾರಿಯಂತೆ ಸದ್ದು ಮಾಡುವ ಬಂಡೆ) ಕಲ್ಲಿನಿಂದ ಬಾರಿಸಿ ನೋಡಿ ಎಂದು ಮಾತ್ರ ದಯವಿಟ್ಟು ಬರೆಯಬೇಡಿ. ಓದಿದವರೆಲ್ಲ ಒಂದೊಂದು ಪೆಟ್ಟು ಹಾಕಿದರೆ ಅದು ಉಳಿಯುವುದಿಲ್ಲ.

ಇಂಥ ಗುಡ್ಡದ ಲೇಖನದಲ್ಲಿ ಓದುಗರಿಗೆ ನಿಜವಾಗಿ ಬೇಕಾದದ್ದು: ಮೇಲೆ ಅಂಗಡಿ ಇಲ್ಲ, ನೆರಳು ಕಡಿಮೆ, ಒಬ್ಬರಿಗೆ ಮೂರು ಲೀಟರ್ ನೀರು ಬೇಕು, ನವೆಂಬರಿನಿಂದ ಫೆಬ್ರುವರಿ ಒಳ್ಳೆಯ ಕಾಲ, ಬಿಸಿಲೇರುವ ಮೊದಲೇ ಹತ್ತಬೇಕು. ಕುರುಚಲಿನಲ್ಲಿ ದಾರಿ ಕವಲೊಡೆಯುತ್ತದೆ, ಊರಿನ ಒಬ್ಬರನ್ನು ಜೊತೆಗೆ ಕರೆದುಕೊಳ್ಳಿ, ಅವರಿಗೆ ಎಷ್ಟು ಕೂಲಿ ಕೊಟ್ಟಿರಿ ಎಂದೂ ಬರೆಯಿರಿ. ಎಷ್ಟೋ ಲೇಖನಗಳಲ್ಲಿ ಈ ಸಾಲೇ ಇರುವುದಿಲ್ಲ.

ಬಸ್ಸಿನ ವೇಳೆಯನ್ನು ಅಂಗಡಿಯಲ್ಲಿ ಕೇಳಿ ಬರೆಯುವುದಕ್ಕಿಂತ ಕಂಡಕ್ಟರನ್ನು ಕೇಳಿ. ರಾತ್ರಿ ಊರಲ್ಲೇ ತಂಗುವ ವಸ್ತಿ ಬಸ್ಸು ಇದೆಯೇ, ಕೊನೆಯ ಬಸ್ಸು ತಪ್ಪಿದರೆ ಟಂಟಂ (ಹಲವರು ಸೇರಿ ಹೋಗುವ ಆಟೋ) ಎಲ್ಲಿಯವರೆಗೆ ಸಿಗುತ್ತದೆ, ಅದು ತುಂಬುವವರೆಗೆ ಹೊರಡುವುದಿಲ್ಲವೇ ಎಂದು ವಿಚಾರಿಸಿ. ಒಗ್ಗರಣೆ-ಮಿರ್ಚಿಯ ರೇಟಾಗಲಿ ಲಾಡ್ಜಿನ ಬಾಡಿಗೆಯಾಗಲಿ, ಪಕ್ಕದಲ್ಲಿ ತಿಂಗಳು, ವರ್ಷ ಇರಲಿ. ಕೊಪ್ಪಳದಲ್ಲಾದರೆ ಗವಿಮಠದ ಜಾತ್ರೆಯ ದಿನಗಳಲ್ಲಿ ರೂಮು ಸಿಗುವುದು ಕಷ್ಟ ಎಂದು ಒಂದು ಸಾಲು ಸೇರಿಸುತ್ತೇನೆ.

ಫೋಟೋ ತೆಗೆಯುವಾಗ ಮೊದಲು ಮಾಹಿತಿ ಫಲಕ, ಆಮೇಲೆ ಉಳಿದದ್ದು. ಹೆಸರಿನ ಕಾಗುಣಿತಕ್ಕೆ ಅದೇ ಆಧಾರ. ಶಾಸನ, ವೀರಗಲ್ಲಿಗೆ ಬೆಳಗ್ಗೆ ಅಥವಾ ಸಂಜೆಯ ಓರೆಬಿಸಿಲು ಬೇಕು. ನಡುಮಧ್ಯಾಹ್ನ ಅಕ್ಷರದ ಗೀರುಗಳಿಗೆ ನೆರಳು ಬೀಳದೆ ಕಲ್ಲು ಸಪಾಟಾಗಿ ಕಾಣುತ್ತದೆ. ಅಕ್ಷರ ಎದ್ದು ಕಾಣಲೆಂದು ಸುಣ್ಣ, ಚಾಕ್‌ಪೀಸು, ಎಣ್ಣೆ ಸವರಲೇಬಾರದು.

ಬರೆಯಲು ಕೂತಾಗ ‘ಕಣ್ಮನ ಸೆಳೆಯುವ’, ‘ಭೂಲೋಕದ ಸ್ವರ್ಗ’ ಇಂಥವನ್ನು ಹೊಡೆದು ಹಾಕಿ, ಆ ಜಾಗದಲ್ಲಿ ಎಡಪುಟದ ಒಂದು ವಿವರ ಇಡುತ್ತೇನೆ. ಊರಿನವರ ಹೆಸರು, ಚಿತ್ರ ಹಾಕುವುದಿದ್ದರೆ ಅವರನ್ನು ಕೇಳಿಯೇ ಹಾಕಬೇಕು. ಕಳಿಸುವ ಹಿಂದಿನ ದಿನ ಆ ಊರಿನ ಯಾರಿಗಾದರೂ ಫೋನು ಮಾಡಿ ದಾರಿ, ಬಸ್ಸು ಎರಡನ್ನೂ ಖಚಿತಪಡಿಸಿಕೊಳ್ಳುತ್ತೇನೆ. ಚಿತ್ರಗಳನ್ನು ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಿದರೆ ಕುಗ್ಗುತ್ತವೆ. ಮೇಲ್ ಮಾಡಿ, ಇಲ್ಲವೇ ಡಾಕ್ಯುಮೆಂಟ್ ಆಗಿ ಕಳಿಸಿ. ಆರು ಇಂಚು ಅಗಲದಲ್ಲಿ ಅಚ್ಚಾಗಲು 300 ಡಿಪಿಐ (ಇಂಚಿಗೆ 300 ಚುಕ್ಕಿ) ಲೆಕ್ಕದಲ್ಲಿ 1,800 ಪಿಕ್ಸೆಲ್ ಅಗಲ ಬೇಕು. ಫೈಲಿನ ಹೆಸರಿನಲ್ಲಿ ಊರು ಮತ್ತು ತೆಗೆದ ತಿಂಗಳು ಇರಲಿ, ಚಿತ್ರದ ಅಡಿಬರಹ ಬೇರೆ ಹಾಳೆಯಲ್ಲಿ ಕ್ರಮಸಂಖ್ಯೆಯೊಂದಿಗೆ ಹೋಗಲಿ.