ಹೇಡೀಸ್ ಆಟದಲ್ಲಿ ನನ್ನ ಡ್ಯಾಶ್ ಸರಿಯಾದ ಬಗೆ

ಹೇಡೀಸ್‌ನ ಎರಡನೇ ಹಂತ ಆಸ್ಫೋಡೆಲ್‌ನಲ್ಲಿ ವಾರಗಟ್ಟಲೆ ಸಾಯುತ್ತಲೇ ಇದ್ದೆ. ಶತ್ರು ಹತ್ತಿರ ಬಂದ ಕೂಡಲೇ ಸ್ಪೇಸ್ ಬಾರ್ ಪಟಪಟ ಒತ್ತಿ ಹಿಂದಕ್ಕೆ ಡ್ಯಾಶ್ ಮಾಡುತ್ತಿದ್ದೆ, ಅಂದರೆ ಥಟ್ಟನೆ ಚಿಮ್ಮುತ್ತಿದ್ದೆ. ಇಳಿಯುತ್ತಿದ್ದದ್ದು ನೇರ ಲಾವಾದೊಳಗೆ.

ಡ್ಯಾಶ್ ಮಾಡುವ ಆ ಕ್ಷಣ ನಾವು ಆಡಿಸುವ ನಾಯಕ ಝಾಗ್ರಿಯಸ್‌ಗೆ ಏಟು ತಾಗುವುದಿಲ್ಲ. ಶತ್ರುವಿನ ಮೈಯೊಳಗಿಂದಲೇ ದಾಟಿಹೋಗುತ್ತಾನೆ. ಲಾವಾ ಮೇಲೂ ಹಾರಬಹುದು, ಕಾಲಿಟ್ಟರೆ ಮಾತ್ರ ಸುಡುತ್ತದೆ. ಅಂದರೆ ಇದು ಓಡಿಹೋಗುವುದಕ್ಕಿಂತ ಜಾಸ್ತಿ ನುಗ್ಗುವುದಕ್ಕೆ ಇರುವುದು, ಅಲ್ವಾ? ಈಗ ಏಟಿನ ಕಡೆಗೇ ಹೋಗುತ್ತೇನೆ, ಬೆನ್ನ ಹಿಂದೆ ಇಳಿದು ಹೊಡೆಯುತ್ತೇನೆ.

ಆಟದೊಳಗೆ ಝಾಗ್ರಿಯಸ್‌ನ ಮನೆಯಲ್ಲಿ ಶಕ್ತಿ ಹೆಚ್ಚಿಸಿಕೊಳ್ಳುವ ಕನ್ನಡಿ ಇದೆ, ಅದರಲ್ಲಿ ಗ್ರೇಟರ್ ರಿಫ್ಲೆಕ್ಸ್ ಅನ್ನುವ ಶಕ್ತಿ ತೆಗೆದುಕೊಂಡರೆ ಬೆನ್ನುಬೆನ್ನಿಗೆ ಇನ್ನೊಂದು ಡ್ಯಾಶ್ ಸಿಗುತ್ತದೆ. ಅದನ್ನು ಸುಮ್ನೆ ಖರ್ಚು ಮಾಡಬೇಡಿ. ಇಳಿಯುವ ಜಾಗ ತಪ್ಪಿದಾಗ ಅದೇ ಕಾಪಾಡುವುದು. ಅಥೀನಾ ದೇವತೆ ಡ್ಯಾಶ್‌ಗೆ ವರ ಕೊಟ್ಟರಂತೂ ಬಿಡಲೇಬೇಡಿ, ಬಂದ ಬಾಣ ತಿರುಗಿ ಬಿಟ್ಟವರ ಕಡೆಗೇ ಹಾರುತ್ತದೆ.

ಮೊನ್ನೆ ಆಸ್ಫೋಡೆಲ್‌ನ ಕೊನೆಯ ದೊಡ್ಡ ಶತ್ರು ಬೋನ್ ಹೈಡ್ರಾ ಮೊದಲ ಸಲ ಬಿತ್ತು.